ಡೇರಿ ಹೊನ್ನಪ್ಪನೂ ಮಗಳ ತಲೆಯೊಳಗಿನ ಗೆಡ್ಡೆಯೂ

ನಮ್ಮೂರು ಶ್ರೀರಂಗಪಟ್ಟಣಕ್ಕೂ ಪಾಂಡವಪುರಕ್ಕೂ ನಡುವೆ, ನಾಲೆಯ ಕೆಳಗಿದೆ. ಭತ್ತ, ಕಬ್ಬು, ಮನೆಗೆ ಎರಡು ಸೀಮೆಹಸು. ಬೆಳಗ್ಗೆ ಐದೂವರೆಗೆಲ್ಲ ಹಾಲಿನ ಡೇರಿಯ ಮುಂದೆ ಕ್ಯಾನು, ಚೊಂಬು ಹಿಡಿದವರ ಸಾಲು ನಿಂತಿರುತ್ತದೆ. ಆ ಸಾಲಿನ ಮುಂದೆ ಹೊನ್ನಪ್ಪ ಹದಿನಾಲ್ಕು ವರ್ಷ ಟೆಸ್ಟರ್ ಆಗಿ ಕೂತಿದ್ದ. ಓದಿದ್ದು ಏಳನೆಯ ತರಗತಿ. ಗಾಜಿನ ಮೀಟರನ್ನು ಹಾಲಿಗೆ ಬಿಟ್ಟು, ಅದು ಎಷ್ಟು ಮುಳುಗಿತು, ಎಷ್ಟು ತೇಲಿತು ಎಂದು ನೋಡಿ ಡಿಗ್ರಿ ಹೇಳುವುದು ಅವನ ಕೆಲಸ. ಹಾಲು ತೆಳ್ಳಗಿದ್ದರೆ ಮೀಟರು ಕೆಳಗಿಳಿಯುತ್ತದೆ, ಕೊಟ್ಟವರ ಮಾನವೂ ಇಳಿಯುತ್ತದೆ.

ಇಂಥ ಕೆಲಸದಲ್ಲಿ ಕೂತವರು ಬಲು ಬೇಗ ಜಂಬ ಕಲಿಯುತ್ತಾರೆ. ಹೊನ್ನಪ್ಪ ಕಲಿಯಲಿಲ್ಲ. ಮೀಟರು ಒಂದು ಸಲ ಇಳಿಯಿತೆಂದು ಯಾರನ್ನೂ ಅವನು ನೀರು ಬೆರೆಸಿದವರು ಅನ್ನಲಿಲ್ಲ. ಮೂಲೆಮನೆಯ ಚಿಕ್ಕಬೋರಮ್ಮನ ಹಾಲು ನಾಲ್ಕು ದಿನ ಡಿಗ್ರಿ ಬರಲಿಲ್ಲ. ಗಂಡ ಸತ್ತ ಹೆಂಗಸು, ಒಂದೇ ಹಸು. ಸಾಲಿನಲ್ಲಿದ್ದವರು ನಗಾಡಿದರು.

"ಅವ್ಳ್ ಹಸ ನಾಲೆ ನೀರ್ನೇ ಕರೀತದೆ ಬುಡು."

ಹೊನ್ನಪ್ಪ ಮಾರನೆಯ ಬೆಳಗ್ಗೆ ಮೀಟರನ್ನು ಟವಲಿನಲ್ಲಿ ಸುತ್ತಿಕೊಂಡು ಅವಳ ಕೊಟ್ಟಿಗೆಗೇ ಹೋಗಿ ಕುಕ್ಕರಗಾಲಲ್ಲಿ ಕೂತ. ಕಣ್ಣೆದುರಿಗೆ ಕರೆಸಿ, ನೊರೆ ಇಳಿಯುವವರೆಗೆ ಕಾದು, ಮೀಟರು ಬಿಟ್ಟ. ಆಗಲೂ ಇಳಿಯಿತು. ಹಸು ಬರೀ ಬದುವಿನ ಹಸಿಹುಲ್ಲು ಮೇಯುತ್ತಿತ್ತು, ಹಾಲೇ ತೆಳ್ಳಗೆ ಬರುತ್ತಿತ್ತು. ಒಣಹುಲ್ಲು, ಹಿಂಡಿ ಹಾಕೆಂದು ಹೇಳಿ ಬಂದು, ಸಾಲಿನ ಮುಂದೆ ನಿಂತು ಒಂದೇ ಮಾತು ಹೇಳಿದ: "ಅವಮ್ಮ ಬೆರೆಸ್ನಿಲ್ಲ. ನಾನ್ ಕೊಟ್ಗೆಲೇ ಕುಂತು ನೋಡ್ದೆ." ಅಂದಿನಿಂದ ಊರಿನಲ್ಲಿ ಅದಕ್ಕೆ ಕೊಟ್ಟಿಗೆ ಪರೀಕ್ಷೆ ಎಂದೇ ಹೆಸರಾಯಿತು. ನೀರು ಬೆರೆಸಿದ ಹಾಲೂ ಬೆರೆಸದ ತೆಳುಹಾಲೂ ಮೀಟರಿಗೆ ಒಂದೇ ಥರ ಕಾಣುತ್ತವೆ, ಬೇರೆ ಮಾಡಬೇಕಾದರೆ ಎದ್ದು ಹೋಗಿ ನೋಡಬೇಕು. ಇಷ್ಟೇ ಅವನ ವಿದ್ಯೆ.

ಆ ವಿದ್ಯೆಯನ್ನು ಅವನು ಸ್ವಂತ ಮಗಳ ಮೇಲೆ ಪಣಕ್ಕಿಟ್ಟ ವರ್ಷ ತೊಂಬತ್ತಾರು.

ಮಗಳ ಹೆಸರು ಅರ್ಪಿತ. ಹನ್ನೊಂದು ವರ್ಷ. ನೋಡಿದವರು ಏಳೆಂಟು ಅನ್ನುತ್ತಿದ್ದರು. ಮೂರು ವರ್ಷದ ಹಿಂದೆ ಗೌರಿಹಬ್ಬಕ್ಕೆ ಹೊಲಿಸಿದ ಲಂಗ ಇನ್ನೂ ಹಿಮ್ಮಡಿಯವರೆಗೇ ಬರುತ್ತಿತ್ತು. ಹೊನ್ನಪ್ಪನ ತಾಯಿ ಕುಳ್ಳಮ್ಮ ಇದನ್ನು ಹೆಮ್ಮೆಯಿಂದ ತನ್ನ ಕಡೆಗೆ ಎಳೆದುಕೊಂಡಿದ್ದಳು. "ನನ್ ಮೊಮ್ಮಗ್ಳು ಕಣವ್ವ, ನನ್ನಂಗೇ ಗುಂಡ್‌ಗುಂಡ್ಗೆ ಅವ್ಳೆ." ಮುಖ ಊದಿದಂತಿದ್ದದ್ದನ್ನು ಮೈಕೈ ತುಂಬಿಕೊಂಡಿದ್ದಾಳೆ ಅಂದರು. ಎಲ್ಲರೂ ಬೆವರುವಾಗ ಅವಳು ಕಂಬಳಿ ಹೊದ್ದರೆ ಸುಖಜೀವಿ ಅಂದರು. ದನಿ ಗೊಗ್ಗರಾಗಿತ್ತು. ಚರ್ಮ ಒರಟಾಗಿ ಬಿಳಿಚಿಕೊಂಡಿತ್ತು. ಮೂರು ದಿನಕ್ಕೊಮ್ಮೆ ಹೊರಕಡೆಗೆ ಹೋಗುತ್ತಿದ್ದಳು. ಇಸ್ಕೂಲಿನ ಮೇಷ್ಟರಂತೂ ಇಂಥ ಶಾಂತ ಮಗು ತರಗತಿಗೇ ಇಲ್ಲ ಎಂದು ಹೊಗಳಿದರು. ಗಲಾಟೆ ಮಾಡದ ಮಕ್ಕಳನ್ನು ನಾವು ಯಾರೂ ಎರಡನೆಯ ಸಲ ತಿರುಗಿ ನೋಡುವುದಿಲ್ಲ.

ಆಷಾಢದಲ್ಲಿ ತಲೆನೋವು ಶುರುವಾಯಿತು. ಆಮೇಲೆ ಹುಡುಗಿ ಬಾಗಿಲವಾಡಕ್ಕೆ ಭುಜ ತಾಗಿಸಿಕೊಳ್ಳತೊಡಗಿದಳು. ಎದುರಿಗಿರುವುದು ಚೆನ್ನಾಗಿ ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ಒಂದು ದಿನ ಬಾಬುರಾಯನಕೊಪ್ಪಲಿನಲ್ಲಿ ಮೈಸೂರು ರಸ್ತೆ ದಾಟುವಾಗ ಎಡಗಡೆಯಿಂದ ಬಂದ ಸೈಕಲ್ಲಿಗೆ ಅಡ್ಡವಾಗಿ ಹೋಗಿ ನಿಂತುಬಿಟ್ಟಳು. ಸೈಕಲ್ಲಿನವನು ಬಿದ್ದು ಬೈದ. ಅವಳ ತಾಯಿ ಸೋಮಮ್ಮನೂ ಬೈದಳು. ಹೊನ್ನಪ್ಪ ಮಾತ್ರ ಮಗಳ ಮುಖವನ್ನೇ ನೋಡುತ್ತ ನಿಂತ. ಸೈಕಲ್ಲು ಬಿದ್ದ ಮೇಲೂ ಅವಳು ಅದು ಎಲ್ಲಿಂದ ಬಂತೆಂದು ಹುಡುಕುತ್ತಿದ್ದಳು.

ಮೈಸೂರಿನ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಕಣ್ಣಿನಲ್ಲಿ ದೋಷವಿಲ್ಲ, ತಲೆಯ ಸ್ಕ್ಯಾನು ಮಾಡಿಸಿ ಅಂದರು. ಸ್ಕ್ಯಾನಿನಲ್ಲಿ ಗೆಡ್ಡೆ ಕಂಡಿತು. ಮಿದುಳಿನ ಅಡಿಯಲ್ಲಿ, ಮೂಗಿನ ಬುಡದ ಹಿಂದೆ, ಕಡಲೆಕಾಳಿನಷ್ಟು ಒಂದು ಗ್ರಂಥಿ ಇರುತ್ತದಂತೆ. ಪಿಟ್ಯುಟರಿ ಎನ್ನುತ್ತಾರೆ. ಅರ್ಪಿತಳಿಗೆ ಅದು ಗಜ್ಜುಗದಷ್ಟಾಗಿ, ಮೇಲೆ ಹಾದುಹೋಗುವ ಕಣ್ಣಿನ ನರವನ್ನು ಒತ್ತುತ್ತಿತ್ತು. ಮೈಸೂರಿನ ದೊಡ್ಡಾಸ್ಪತ್ರೆಯೊಂದರ ಆಪರೇಷನ್ ಡಾಕ್ಟರು ಫಿಲಮನ್ನು ದೀಪದ ಮುಂದೆ ಹಿಡಿದು ಹೇಳಿದರು: "ಟ್ಯೂಮರ್ ಥರ ಇದೆ. ತೆಗೀಬೇಕು. ತಡ ಮಾಡಿದ್ರೆ ಕಣ್ಣು ಹೋಗುತ್ತೆ. ಮುಂದಿನ ಗುರುವಾರ ಅಡ್ಮಿಟ್ ಆಗಿ."

"ತೆಗೆದ್ರೆ ವಾಸಿ ಆಯ್ತದಾ ಸಾ?"

"ತಲೆ ಬುರುಡೆ ತೆಗೆಯೋ ಕೆಲಸ. ಹೀಗೇ ಅಂತ ಬರೆದುಕೊಡೋಕೆ ಆಗಲ್ಲ."

ಊರಿಗೆ ಬಂದ ಮೇಲೆ ಹೊನ್ನಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಜಗುಲಿಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ನಾಲೆ ಏರಿಗೆ ಸುಮ್ಮನೆ ತಿರುಗಿದ. ಕುಳ್ಳಮ್ಮ ಒಲೆಯ ಮುಂದೆ ಕೂತು ಒಂದೇ ಸಮನೆ ಗೊಣಗಿದಳು. "ಮುಡಿ ಕೊಟ್ರೆ ದೇವ್ರಿಗೆ ಕೊಡ್ಬೇಕು. ಡಾಕ್ಟ್ರಿಗೆ ಯಾಕ್ಲಾ ಕೊಡ್ಬೇಕು ನನ್ ಕೂಸಿನ ತಲೆಕೂದ್ಲ?" ಸೋಮಮ್ಮ ನಾಗಮಂಗಲದ ಕಡೆಯವಳು, ಅಳುವುದು ಕಡಿಮೆ. ಅವಳು ಮಗಳ ಬಟ್ಟೆಯನ್ನು ಚೀಲಕ್ಕೆ ತುಂಬುವುದು, ತೆಗೆಯುವುದು, ಮತ್ತೆ ತುಂಬುವುದು ಮಾಡುತ್ತಿದ್ದಳು.

ಗುರುವಾರ ಅಡ್ಮಿಟ್ ಮಾಡಿದರು. ಆಪರೇಷನ್ನಿಗೆ ಮುಂಚೆ ಮಕ್ಕಳ ಡಾಕ್ಟರು ಒಮ್ಮೆ ನೋಡಿ ಸಹಿ ಹಾಕುವ ಪದ್ಧತಿ. ಬಂದವರು ಇಂದಿರ ಎಂಬವರು. ಶ್ರೀರಂಗಪಟ್ಟಣದ ಕೋಟೆಯೊಳಗಿನ ದೇವಸ್ಥಾನದ ಮನೆತನದ ಹೆಣ್ಣುಮಗಳು, ಮೂವತ್ತೈದರ ವಯಸ್ಸು, ತೆಳ್ಳಗಿನ ದನಿ. ಸಹಿ ಹಾಕುವುದಕ್ಕೆ ಮೊದಲು ಹುಡುಗಿಯ ಕೆನ್ನೆ ಮುಟ್ಟಿದರು, ಮೊಣಕೈ ಸವರಿದರು, ನಾಡಿ ಹಿಡಿದು ಗಡಿಯಾರ ನೋಡಿದರು.

"ಈ ಲಂಗ ಯಾವಾಗ ಹೊಲಿಸಿದ್ದು?"

ಸೋಮಮ್ಮ ಹೇಳಿದಳು, "ಮೂರೊರ್ಸ ಆಯ್ತು ಕಣಮ್ಮ."

"ಮೂರು ವರ್ಷದಿಂದ ಇದೇ ಅಳತೆಯಾ?"

"ಊಂ. ಅತ್ತೆ ಪೈಕಿ ಗಿಡ್ಡ."

ಇಂದಿರಮ್ಮ ಹುಡುಗಿಯನ್ನು ಕುರ್ಚಿಯ ಮೇಲೆ ಮೊಣಕಾಲೂರಿಸಿ, ಪಾದ ಹಿಂದಕ್ಕೆ ಜೋತುಬಿಡಿಸಿ, ರಬ್ಬರಿನ ಸುತ್ತಿಗೆಯಿಂದ ಹಿಮ್ಮಡಿಯ ನರಕ್ಕೆ ಮೆಲ್ಲಗೆ ಹೊಡೆದರು. ಪಾದ ಪಟಕ್ಕನೆ ಎಗರಿತು. ಆದರೆ ವಾಪಸು ಬರುವಾಗ, ನಿದ್ದೆಯಲ್ಲಿದ್ದವರು ಕೈ ಇಳಿಸಿದ ಹಾಗೆ, ತಡೆತಡೆದು ಬಂತು. ಇನ್ನೊಂದು ಸಲ ಹೊಡೆದರು. ಹಾಗೇ. ಹೊನ್ನಪ್ಪ ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ.

"ನಿಧಾನಕ್ ಇಳೀತಲ್ಲ ಕಣಮ್ಮ ಅದು."

"ನಿಮಗೂ ಕಾಣಿಸ್ತಾ?" ಇಂದಿರಮ್ಮ ಅವನತ್ತ ತಿರುಗಿದರು. "ತಲೆಯಲ್ಲಿ ಟ್ಯೂಮರೇ ಇರಬಹುದು, ನಾನು ಇಲ್ಲ ಅನ್ನಲ್ಲ. ಆದ್ರೆ ಕತ್ತಿನಲ್ಲಿರೋ ಥೈರಾಯ್ಡ್ ಗ್ರಂಥಿ ಕೆಲಸ ನಿಲ್ಲಿಸಿದ್ರೂ ಸ್ಕ್ಯಾನಿನಲ್ಲಿ ಇದೇ ಥರ ಕಾಣೋದುಂಟು. ಕತ್ತಿನದು ಕೆಲಸ ಮಾಡಲಿ ಅಂತ ತಲೆಯದು ಹೇಳಿ ಹೇಳಿ ಊದಿಕೊಳ್ಳುತ್ತೆ. ಒಂದು ರಕ್ತಪರೀಕ್ಷೆ ಆಗಬೇಕು. ಬೆಂಗಳೂರಿಗೆ ಕಳಿಸಬೇಕು, ಎಂಟು ದಿನ ಆಗುತ್ತೆ."

ಹೊನ್ನಪ್ಪನಿಗೆ ಅದು ಅರ್ಥವಾದದ್ದು ಅವನದೇ ರೀತಿಯಲ್ಲಿ. "ಅಂದ್ರೆ ಆಳು ಮಲಗ್ಬುಟ್ಟವ್ನೆ, ಗೌಡ ಕೂಗೀ ಕೂಗೀ ಗಂಟ್ಲು ಊದುಸ್ಕಂಡವ್ನೆ. ಆಳ್ನ ಎಬ್ಬುಸೋದ್ ಬುಟ್ಟು ಗೌಡನ್ ಗಂಟ್ಲು ಕುಯ್ಯಕ್ ಒಂಟವ್ರೆ."

ಇಂದಿರಮ್ಮ ನಕ್ಕರು. "ಹಾಗಿದ್ರೆ, ಅಂತ ಹೇಳಿದೆ. ಹಾಗೇ ಇದೆ ಅಂತಲ್ಲ."

ಆಪರೇಷನ್ನಿನ ದೊಡ್ಡ ಡಾಕ್ಟರಿಗೆ ಸಿಟ್ಟು ಬಂತು. ಎಂಟು ದಿನದಲ್ಲಿ ಕಣ್ಣು ಹೋದರೆ ಹೊಣೆ ಯಾರು ಎಂದರು. ಅದೂ ಸುಳ್ಳಲ್ಲ. ಹೊನ್ನಪ್ಪ ಕೈ ಮುಗಿದುಕೊಂಡೇ, ಆದರೆ ನೆಟ್ಟಗೆ ನಿಂತು ಹೇಳಿದ: "ಸಾ, ಇನ್ನೊಂದ್ ಪರೀಕ್ಷೆ ಬಾಕಿ ಐತೆ ಅಂತಾವ್ರಲ್ಲ. ಬಾಕಿ ಇರೋವಾಗ ನಾನು ಊಂ ಅನ್ನಕ್ಕಿಲ್ಲ."

ಎಂಟು ದಿನ ಹತ್ತು ದಿನವಾಯಿತು. ರಿಪೋರ್ಟು ಬಂತು. ಮೇಲಿನ ಗ್ರಂಥಿ ಕೂಗುವ ಕೂಗಿಗೆ ಒಂದು ಅಂಕಿ ಇರುತ್ತದಂತೆ, ಐದರೊಳಗೆ ಇರಬೇಕಾದದ್ದು ನೂರನ್ನು ದಾಟಿ ಯಂತ್ರದ ಅಳತೆಯನ್ನೇ ಮೀರಿತ್ತು. ಸಣ್ಣ ಬಾಟಲಿಯಲ್ಲಿ ನೂರು ಬಿಳಿ ಮಾತ್ರೆ ಕೊಟ್ಟರು. ದಿನಕ್ಕೊಂದು, ಬೆಳಗ್ಗೆ ಎದ್ದ ತಕ್ಷಣ, ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ದೊಡ್ಡ ಡಾಕ್ಟರು ಆರು ವಾರ ಗಡುವು ಹಾಕಿದರು. ಅಷ್ಟರಲ್ಲಿ ರಕ್ತದ ಅಂಕಿ ಇಳಿಯಬೇಕು. ದೃಷ್ಟಿ ಇನ್ನು ಒಂದು ಬೆರಳು ಕಡಿಮೆಯಾದರೂ ಆಪರೇಷನ್ನು.

ದೃಷ್ಟಿ ನೋಡುವ ಬಗೆಯನ್ನು ಇಂದಿರಮ್ಮನೇ ಕಲಿಸಿಕೊಟ್ಟರು. ಮಗು ನಿಮ್ಮ ಮೂಗನ್ನೇ ನೋಡುತ್ತಿರಬೇಕು, ನೀವು ಪಕ್ಕದಿಂದ ಬೆರಳು ಆಡಿಸುತ್ತ ತರಬೇಕು, ಕಂಡಾಗ ಅವಳು ಹೇಳಬೇಕು. ಹೊನ್ನಪ್ಪ ದಿನಾ ಸಂಜೆ ಜಗುಲಿಯ ಮೇಲೆ ಇದನ್ನು ಮಾಡಿದ. ಬೆರಳು ಅವನ ಕಿವಿಯ ಹತ್ತಿರಕ್ಕೆ ಬಂದಾಗ ಮಾತ್ರ ಅವಳು "ಬಂತು" ಅನ್ನುತ್ತಿದ್ದಳು. ಒಂದು ಸಲಕ್ಕೆ ಅವನಿಗೆ ಸಮಾಧಾನವಿಲ್ಲ. ಉಣ್ಣುವಾಗ ಪಕ್ಕದಿಂದ ನುಗ್ಗೇಕಾಯಿ ಹಿಡಿದ, ಬಸ್ಸಿನಲ್ಲಿ ಟಿಕೀಟು ಹಿಡಿದ, ತಲೆ ಬಾಚುವಾಗ ಬಾಚಣಿಗೆ ಹಿಡಿದ. ಕೊನೆಗೆ ಸೋಮಮ್ಮ ರೇಗಿದಳು. "ಕೂಸ್ಗೆ ಉಸ್ರಾಡಕ್ಕಾರ ಬುಡಿ. ನೀವ್ ಆಡ್ಸೋ ಬೆರಳ್ಗೇ ಅವ್ಳ್ ತಲೆ ನೋಯ್ತದೆ."

ಡೇರಿಯ ಅಂಗಳದಲ್ಲಿ ಅವನ ಅಣ್ಣ ನಂಜಪ್ಪ ಎಲ್ಲರ ಎದುರಿಗೆ ಹಿಡಿದುಕೊಂಡ.

"ಅಲ್ಲ ಕಣ್ಲಾ ಹೊನ್ನ, ಹಾಲ್ಗೆ ಮೀಟ್ರು ಬುಟ್ಟಂಗೆ ಡಾಕ್ಟ್ರಿಗೂ ಬುಡಕ್ಕೋದ್ಯಾ? ಅವ್ರು ಓದಿರೋರು. ನೀನು ಏಳ್ನೇ ಕ್ಲಾಸು."

"ಓದಿರೋರು ಇಬ್ರವ್ರೆ ಕಣಣ್ಣ. ಒಬ್ರು ಕುಯ್ಯುವ ಅಂತಾರೆ, ಒಬ್ರು ತಡೀರಿ ಅಂತಾರೆ. ಯಾರ್ ಮಾತು ಕೇಳ್ಲಿ, ನೀನೇ ಯೋಳು."

"ಮೊಗೀನ್ ಕಣ್ ಹೋದ್ರೆ, ಆ ತಡೀರಿ ಅಂದೋರು ಕಣ್ ತಂದ್ ಕೊಟ್ಟಾರಾ?"

ಹೊನ್ನಪ್ಪ ಕೈಯಲ್ಲಿದ್ದ ಮೀಟರನ್ನು ಒಂದೇ ಹಾಲಿಗೆ ಮೂರು ಸಲ ಬಿಟ್ಟ. ಡೇರಿ ಸೆಕ್ರೆಟರಿ ಸೋಮಯ್ಯ ಅದನ್ನು ಮೆಲ್ಲಗೆ ಕಿತ್ತುಕೊಂಡು, "ಮನೆಗ್ ಓಗು ಓಗಪ್ಪ" ಅಂದ.

ಆರು ವಾರ ಮುಗಿಯಿತು. ಹುಡುಗಿ ಹಾಗೇ ಇದ್ದಳು. ಅದೇ ಕಂಬಳಿ, ಅದೇ ತೂಕಡಿಕೆ. ಮತ್ತೆ ರಕ್ತ ಕೊಟ್ಟು ಬಂದು, ರಿಪೋರ್ಟಿಗೆ ಹೋದ ದಿನ ಇಂದಿರಮ್ಮನ ಮುಖ ನೋಡಿಯೇ ಹೊನ್ನಪ್ಪನಿಗೆ ಗೊತ್ತಾಯಿತು. ಅಂಕಿ ಇನ್ನೂ ನೂರರ ಹತ್ತಿರವೇ ಇತ್ತು.

"ಮಾತ್ರೆ ಸರಿಯಾಗಿ ಕೊಡ್ತಾ ಇದ್ದೀರಾ?"

"ಒಂದಿವ್ಸನೂ ತಪ್ಪಿಲ್ಲ ಕಣಮ್ಮ. ಬಾಟ್ಲಿ ತಂದಿವ್ನಿ, ನೋಡಿ."

ಇಂದಿರಮ್ಮ ಮೇಜಿನ ಮೇಲೆ ಸುರಿದು ನೋಡಿದರು. ದಿನಕ್ಕೊಂದರಂತೆ ಸರಿಯಾಗಿ ಖರ್ಚಾಗಿತ್ತು. ಅವರು ಒಂದೊಂದಾಗಿ ಮಾತ್ರೆಗಳನ್ನು ಮತ್ತೆ ಬಾಟಲಿಗೆ ಹಾಕುತ್ತ, ಯಾರ ಮುಖವನ್ನೂ ನೋಡದೆ ಹೇಳಿದರು: "ಹಾಗಾದ್ರೆ ನಾನೇ ತಪ್ಪು ತಿಳಿದಿರಬಹುದು."

ದೊಡ್ಡ ಡಾಕ್ಟರು ಈ ಸಲ ಸಿಟ್ಟು ಮಾಡಲಿಲ್ಲ. ಅದೇ ಹೆಚ್ಚು ಹೆದರಿಕೆ. "ಮುಂದಿನ ಸೋಮವಾರ ಬನ್ನಿ" ಅಂದರು, ಅಷ್ಟೇ.

ಬಸ್ಸು ಹೊಳೆಯ ಸೇತುವೆ ಏರಿತು. ಅರ್ಪಿತ ಅಪ್ಪನ ತೋಳಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಹೊನ್ನಪ್ಪನ ತಲೆ ಮಾತ್ರ ಗಾಣದ ಹಾಗೆ ತಿರುಗುತ್ತಿತ್ತು. ಡಿಗ್ರಿ ಬರುತ್ತಿಲ್ಲ. ಕೊಟ್ಟವರು ನಾವು ಬೆರೆಸಿಲ್ಲ ಅನ್ನುತ್ತಾರೆ. ಬೇರೆಯವರ ಹಾಲಾಗಿದ್ದರೆ ನಾನು ಏನು ಮಾಡುತ್ತಿದ್ದೆ? ಮೀಟರನ್ನೂ ಬೈಯುತ್ತಿರಲಿಲ್ಲ, ಮನುಷ್ಯರನ್ನೂ ಬೈಯುತ್ತಿರಲಿಲ್ಲ. ಎದ್ದು ಹೋಗಿ ಕೊಟ್ಟಿಗೆಯಲ್ಲಿ ಕೂರುತ್ತಿದ್ದೆ. ನನ್ನ ಮಗಳು ಆ ಮಾತ್ರೆ ನುಂಗುವುದನ್ನು ಒಂದು ದಿನವಾದರೂ ನಾನು ಕಣ್ಣಾರೆ ನೋಡಿದ್ದೇನೆಯೇ?

ನೋಡಿರಲಿಲ್ಲ. ಐದಕ್ಕೆ ಅವನು ಡೇರಿಯಲ್ಲಿ. ಸೋಮಮ್ಮ ಹಾಲು ಕರೆಯಲು ಕೊಟ್ಟಿಗೆಯಲ್ಲಿ. ಮಾತ್ರೆಯ ಕೆಲಸ ಕುಳ್ಳಮ್ಮನದು.

ಮಾರನೆಯ ಬೆಳಗ್ಗೆ, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ಊರಿನಲ್ಲಿದ್ದೂ ಅವನು ಡೇರಿಗೆ ಹೋಗಲಿಲ್ಲ. ಬೀಗದ ಕೈಯನ್ನು ಸೋಮಯ್ಯನಿಗೆ ಕಳಿಸಿ, ಅಡಿಗೆಮನೆಯ ಗೋಡೆಗೊರಗಿ ಕುಕ್ಕರಗಾಲಲ್ಲಿ ಕೂತ.

"ಯಾಕ್ಲಾ ಮಗ, ಮೈಗ್ ಉಷಾರಿಲ್ವಾ?" ಅಂದಳು ಕುಳ್ಳಮ್ಮ.

"ನೀನ್ ನಿನ್ ಕೆಲ್ಸ ಮಾಡವ್ವ. ನಾನ್ ಸುಮ್ಕೆ ಕುಂತಿವ್ನಿ."

ಕುಳ್ಳಮ್ಮ ಬಾಟಲಿಯಿಂದ ಒಂದು ಮಾತ್ರೆ ತೆಗೆದಳು. ಅಡಿಕೆ ಕುಟ್ಟುವ ಸಣ್ಣ ಒರಳಿಗೆ ಹಾಕಿ ನುಣ್ಣಗೆ ಅರೆದಳು. ಆಗತಾನೆ ಕರೆದ ಹಾಲನ್ನು ಚೊಂಬಿನ ತುಂಬ ತಂದು, ಪುಡಿಯನ್ನು ಅದಕ್ಕೆ ಉದುರಿಸಿ, ಒಂದು ಅಚ್ಚು ಬೆಲ್ಲ ಹಾಕಿ ಮೊಮ್ಮಗಳ ಕೈಗೆ ಕೊಟ್ಟಳು. ಹಸಿವೇ ಇಲ್ಲದ ಹುಡುಗಿ ನಾಲ್ಕು ಗುಟುಕು ಕುಡಿದು ಮುಖ ಹಿಂಡಿದಳು. "ಸಾಕಜ್ಜಿ." ಕುಳ್ಳಮ್ಮ ಉಳಿದದ್ದನ್ನು ತಳ ಅಲುಗಿಸಿ, ಹಿತ್ತಿಲ ಬಾಗಿಲಿಂದ ಕೈ ಚಾಚಿ, ಕಟ್ಟಿದ್ದ ಕರುವಿನ ಬೋಗುಣಿಗೆ ಸುರಿದಳು. ಕರು ಕಾದಿದ್ದಂತೆ ಮೂತಿಯಿಟ್ಟಿತು. ಆಮೇಲೆ ಅವಳು ಊರಿಗೆ ಬರುವ ನರ್ಸಮ್ಮ ಕೊಟ್ಟಿದ್ದ, ರಕ್ತ ಹೆಚ್ಚುವ ಕೆಂಪು ಮಾತ್ರೆಯನ್ನು ಹುಡುಗಿಗೆ ನುಂಗಿಸಿದಳು.

ಹೊನ್ನಪ್ಪ ಎದ್ದು ಹೋಗಿ ಬೋಗುಣಿಯೊಳಗೆ ಬಗ್ಗಿ ನೋಡಿದ. ಹಾಲಿನ ತಳದಲ್ಲಿ ಇಳಿದಿದ್ದ ಬಿಳಿ ಪುಡಿಯನ್ನು ಕರು ಬೆಲ್ಲದ ರುಚಿಗೆ ನೆಕ್ಕಿ ಮುಗಿಸುತ್ತಿತ್ತು.

"ಅವ್ವೋ, ಯಾರವ್ವ ನಿನ್ಗೆ ಇಂಗೆ ಕೊಡು ಅಂದೋರು?"

"ಯಾರ್ ಯೋಳ್ಬೇಕ್ಲಾ? ಇಂಗ್ಲೀಷ್ ಮಾತ್ರೆ ಉಷ್ಣ. ಬರೀ ಒಟ್ಟೆಗೆ ಆಕುದ್ರೆ ಎಳೇ ಕರುಳು ಸುಟ್ಟೋಯ್ತದೆ. ಹಾಲಿರೋ ಮನೇಲಿ ಕೂಸ್ಗೆ ಬರೀ ನೀರ್ ಕೊಡ್ಲಾ?"

"ಉಳ್ದಿದ್ನ ಕರುಗ್ ಯಾಕ್ ಉಯ್ದೆ?"

"ಎಂಜ್ಲು ಹಾಲ ಇನ್ನೆಲ್ಲಿಗ್ ಉಯ್ಲಿ? ಚೆಲ್ಲಕ್ಕಾದದಾ ಲಕ್ಷ್ಮೀನ?"

ಹೊನ್ನಪ್ಪ ಮಗಳ ಕಡೆ ತಿರುಗಿದ. "ನೀನಾರ ಒಂದ್ ಮಾತು ಯೋಳ್ಬಾರ್ದ ಅರ್ಪೀ?"

ಹುಡುಗಿ ತನ್ನ ಗೊಗ್ಗರು ದನಿಯಲ್ಲಿ ನಿಧಾನವಾಗಿ ಹೇಳಿದಳು: "ನೀನ್ ಕೇಳ್ನಿಲ್ವಲ್ಲಪ್ಪ. ಬೆರಳ್ ಕಾಣ್ತದಾ ಅಂತ ಮಾತ್ರ ಕೇಳ್ದೆ."

ಬೇರೆಯವರಾಗಿದ್ದರೆ ತಾಯಿಯ ಮೇಲೆ ಹಾರಾಡಿ ಊರು ಕೂಡಿಸುತ್ತಿದ್ದರು. ಅವನಿಗೂ ಸಿಟ್ಟು ನೆತ್ತಿಗೇರಿತ್ತು. ಆದರೆ ಕುಳ್ಳಮ್ಮ ಅಷ್ಟರಲ್ಲಿ ಅರ್ಥ ಮಾಡಿಕೊಂಡು, ಒರಳನ್ನು ಎದೆಗವಚಿಕೊಂಡು ನೆಲಕ್ಕೆ ಕುಸಿದಿದ್ದಳು. "ನಾನೇ ನನ್ ಕೂಸ್ಗೆ ಕುತ್ತಿಗೆ ಕುಯ್ದ್ನೇನ್ಲಾ?" ಎಂದು ಅವಳು ಕೇಳಿದ್ದಕ್ಕೆ ಹೊನ್ನಪ್ಪ, "ಇಲ್ಲ ಕಣವ್ವ. ಊರ್ನೋರ್ ಕೊಟ್ಗೇಲೆಲ್ಲ ಕುಂತು ನನ್ ಮನೇಲಿ ಕೂರ್ನಿಲ್ಲ ನಾನು" ಅಂದು, ಅಂಗಿ ಹಾಕಿಕೊಂಡು ಮೊದಲ ಬಸ್ಸಿಗೆ ಓಡಿದ.

ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರೂ ಇಂದಿರಮ್ಮನೂ ಒಟ್ಟಿಗೆ ಸಿಕ್ಕರು. ಅವನು ಏನನ್ನೂ ಮುಚ್ಚಿಡದೆ ಚೊಂಬು, ಬೆಲ್ಲ, ಕರು ಎಲ್ಲ ಹೇಳಿದ. ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿದರು.

"ಆರು ವಾರ ಕರುವಿಗೆ ಟ್ರೀಟ್‌ಮೆಂಟ್ ಕೊಟ್ಟಿದ್ದೀರಿ ಅನ್ನಿ."

"ಊಂ ಸಾ. ಅದ್ ಚೆನ್ನಾಗದೆ. ಹಗ್ಗ ಕಿತ್ಕತಾ ಅದೆ."

ಇಂದಿರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ವಿವರಿಸಿದರು: ಹಾಲಿನ ಜೊತೆ, ರಕ್ತ ಹೆಚ್ಚುವ ಮಾತ್ರೆಯ ಜೊತೆ ಕೊಟ್ಟರೆ ಹೊಟ್ಟೆಗೆ ಹೋದಷ್ಟು ಔಷಧಿಯೂ ಮೈಗೆ ಹಿಡಿಯುವುದಿಲ್ಲ. ಬರೀ ನೀರು. ಅರ್ಧ ಗಂಟೆ ಬಿಟ್ಟು ತಿಂಡಿ. ಕೆಂಪು ಮಾತ್ರೆ ಸಂಜೆಗೆ. ದೊಡ್ಡ ಡಾಕ್ಟರು ಕ್ಯಾಲೆಂಡರಿನತ್ತ ನೋಡಿ, "ನಾಲ್ಕು ವಾರ ಕೊಡ್ತೀನಿ. ವಾರ ವಾರ ಕರ್ಕೊಂಡು ಬಂದು ಕಣ್ಣು ತೋರಿಸಬೇಕು. ಒಂದು ವಾರ ಕೆಟ್ಟರೂ ಆಮೇಲೆ ಮಾತಿಲ್ಲ" ಅಂದರು.

ಆ ನಾಲ್ಕು ವಾರ ಹೊನ್ನಪ್ಪ ಬೆಳಗಿನ ಡೇರಿಗೆ ಹೋಗಲಿಲ್ಲ. ತಾನೇ ಮಾತ್ರೆ ಇಟ್ಟು, ತಾನೇ ನೀರು ಕೊಟ್ಟು, ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ ನೋಡುತ್ತಿದ್ದ. ಆ ಅರ್ಧ ಗಂಟೆ ಅವನು ಅಂಗಳದಲ್ಲಿ ತಿರುಗುತ್ತಿದ್ದುದನ್ನು ನೋಡಿದರೆ ನೋಡಿದವರ ಕಾಲೇ ನೋಯಬೇಕು.

ಮೊದಲ ವಾರ ಏನೂ ಇಲ್ಲ. ಎರಡನೆಯ ವಾರ ಹುಡುಗಿಯ ಕೂದಲು ಹಿಡಿ ಹಿಡಿ ಉದುರಿತು. ಕುಳ್ಳಮ್ಮ ಅತ್ತಳು. ಹಳೆಯ ಕೂದಲು ಹೋಗಿ ಹೊಸತು ಬರುತ್ತದೆಂದು ಇಂದಿರಮ್ಮ ಹೇಳಿದರು, ಹೊನ್ನಪ್ಪ ನಂಬಲಾರದೆ ನಂಬಿದ. ಒಂದು ಮಧ್ಯಾಹ್ನ ತಲೆನೋವು ಬಂದು ವಾಂತಿಯಾಯಿತು. ಮೇಷ್ಟರು ಹೇಳಿಕಳಿಸಿದರು. ಅವನು ಹುಡುಗಿಯನ್ನು ಹೆಗಲ ಮೇಲೆ ಹಾಕಿಕೊಂಡು ಶ್ರೀರಂಗಪಟ್ಟಣದವರೆಗೆ ಸಿಕ್ಕಿದ ಟ್ರಾಕ್ಟರಿನಲ್ಲಿ, ಅಲ್ಲಿಂದ ಮೈಸೂರಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋದ. ಕಣ್ಣಿನ ಪರೀಕ್ಷೆಯಲ್ಲಿ ಮೊದಲಿದ್ದಷ್ಟೇ ಇತ್ತು, ಇಳಿದಿರಲಿಲ್ಲ. ಏನು ತಿಂದೆ ಎಂದು ಇಂದಿರಮ್ಮ ಕೇಳಿದರು.

"ಸೀಬೇಕಾಯಿ."

"ಎಷ್ಟು?"

"ಏಳು."

"ಏಳಾ? ಅನ್ನವೇ ಸೇರಲ್ಲ ಅಂತಿದ್ದೆ?"

"ಈಗ ಹಸೀತದೆ" ಅಂದಳು ಹುಡುಗಿ.

ಇಂದಿರಮ್ಮ ಹೊನ್ನಪ್ಪನ ಕಡೆ ನೋಡಿದ ನೋಟದಲ್ಲಿ ಏನೋ ಇತ್ತು. ಅವನು ಕೇಳಲಿಲ್ಲ, ಕೇಳಿದರೆ ಎಲ್ಲಿ ಆಸೆ ಒಡೆದುಹೋಗುತ್ತದೋ ಎಂದು.

ಮೂರನೆಯ ವಾರ ಮೇಷ್ಟರು ದೂರು ಹೇಳಿದರು. ಶಾಂತವಾಗಿದ್ದ ಹುಡುಗಿ ಬೆಂಚು ಬಿಟ್ಟು ಓಡಾಡುತ್ತಾಳೆ, ಮಾತಿಗೆ ಮಾತು ಕೊಡುತ್ತಾಳೆ, ದೊಡ್ಡಪ್ಪ ನಂಜಪ್ಪನ ಮಗನ ಬೆನ್ನಿಗೆ ಗುದ್ದಿದ್ದಾಳೆ. ನಂಜಪ್ಪನೇ ಜಗಳಕ್ಕೆ ಬಂದ. "ನಿನ್ ಮಗಳ್ಗೆ ಮಾತ್ರೆ ಕೊಟ್ಯೋ ಮದ ಕೊಟ್ಯೋ?" ಹೊನ್ನಪ್ಪ ಅಣ್ಣನ ಎರಡೂ ಕೈ ಹಿಡಿದುಕೊಂಡು, "ಇನ್ನೊಂದ್ ಗುದ್ದಿದ್ರೂ ತಡ್ಕಳಣ್ಣ" ಅಂದ. ನಂಜಪ್ಪನಿಗೆ ನಗು ಬಂದುಬಿಟ್ಟಿತು.

ಅದೇ ಸಂಜೆ ಜಗುಲಿಯ ಮೇಲೆ ಬೆರಳು ಆಡಿಸುವಾಗ, ಕೈ ಇನ್ನೂ ಭುಜದಿಂದ ಒಂದು ಮೊಳ ಆಚೆಗಿರುವಾಗಲೇ ಅವಳು "ಬಂತು" ಅಂದಳು. ಹೊನ್ನಪ್ಪನಿಗೆ ರೇಗಿತು.

"ಸುಳ್ಳ್ ಯೋಳ್ಬ್ಯಾಡ ಅರ್ಪೀ. ಬೇಸ್ರಾದ್ರೆ ಬೇಸ್ರ ಅನ್ನು."

"ಸುಳ್ಳೇನಿಲ್ಲ. ಬೆರಳ್ಗೆ ಬೆಳ್ಳುಳ್ಳಿ ಸಿಪ್ಪೆ ಅಂಟ್ಕಂಡೈತೆ ನೋಡ್ಕೊ."

ನೋಡಿಕೊಂಡ. ಅಂಟಿಕೊಂಡಿತ್ತು. ಇನ್ನೊಂದು ಕೈ ಆಡಿಸಿದ. ಅದೂ ಕಂಡಿತು. ಅವನು ಯಾರಿಗೂ ಹೇಳದೆ ಎದ್ದು ಹೋಗಿ ಕೊಟ್ಟಿಗೆಯಲ್ಲಿ ನಿಂತ. ಹೇಳುವಷ್ಟು ನಂಬಿಕೆ ಇನ್ನೂ ಬಂದಿರಲಿಲ್ಲ. ಬೆರಳು ಕಂಡರೂ ಗೆಡ್ಡೆ ಅಲ್ಲೇ ಕೂತಿರಬಹುದಲ್ಲ.

ನಾಲ್ಕು ವಾರದ ರಕ್ತದಲ್ಲಿ ಅಂಕಿ ಅರ್ಧಕ್ಕಿಂತ ಕೆಳಗಿಳಿಯಿತು. ದೊಡ್ಡ ಡಾಕ್ಟರು ತಾವಾಗಿಯೇ ಇನ್ನು ಆರು ವಾರ ಕೊಟ್ಟರು. ಕಾರ್ತಿಕದ ಕೊನೆಯಲ್ಲಿ ಮತ್ತೆ ಸ್ಕ್ಯಾನು ಆಯಿತು. ಹಳೆಯ ಫಿಲಮು, ಹೊಸ ಫಿಲಮು ಎರಡನ್ನೂ ದೀಪದ ಪೆಟ್ಟಿಗೆಗೆ ಸಿಕ್ಕಿಸಿ ದೊಡ್ಡ ಡಾಕ್ಟರು ಬಹಳ ಹೊತ್ತು ನಿಂತರು. ಒಮ್ಮೆ ಹತ್ತಿರ ಹೋದರು, ಒಮ್ಮೆ ಹಿಂದೆ ಬಂದರು. ಹೊನ್ನಪ್ಪ ಟವಲನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ. ಹೆಸರು ಕೂಗಿ ಬೇರೆ ರೋಗಿಯನ್ನು ಒಳಗೆ ಬಿಟ್ಟರು. ಡಾಕ್ಟರು ಅವರಿಗೆ ತಡೆಯಿರಿ ಎಂದು ಕೈ ಮಾಡಿದರು.

"ಬನ್ನಿ ಇಲ್ಲಿ. ಇದು ಮೊದಲಿನದು. ಇದು ಈಗಿನದು. ಏನು ಕಾಣುತ್ತೆ?"

ಹೊನ್ನಪ್ಪ ಬಗ್ಗಿ ನೋಡಿದ. ಮೊದಲಿನದರಲ್ಲಿ ಗಜ್ಜುಗ. ಈಗಿನದರಲ್ಲಿ ಆ ಜಾಗದಲ್ಲಿ ಸಣ್ಣದೊಂದು ಬೂದುಬಣ್ಣದ ದಿಬ್ಬ.

"ಇಳ್ದದೆ ಸಾ."

"ಇಳಿದಿದೆ. ನರದಿಂದ ಬಿಟ್ಟಿದೆ. ಟ್ಯೂಮರ್ ಆಗಿದ್ದರೆ ಈ ಮಾತ್ರೆಗೆ ಇಳೀತಿರಲಿಲ್ಲ." ಅವರು ಇಂದಿರಮ್ಮನತ್ತ ತಿರುಗಿ, "ನೀವು ಆವತ್ತು ಸಹಿ ಹಾಕದೆ ಇದ್ದದ್ದು ಒಳ್ಳೇದಾಯ್ತು" ಅಂದರು. ಹಾಗೆ ಹೇಳಲು ಅವರಿಗೆ ಕಷ್ಟವಾಗಿರಬೇಕು. ಹೇಳಿದರು. ಅದಕ್ಕೆ ಅವರ ಬಗ್ಗೆ ನನಗೆ ಗೌರವವಿದೆ.

ಮಾತ್ರೆ ಮಾತ್ರ ಬಾಳಿನುದ್ದಕ್ಕೂ ನಿಲ್ಲಿಸುವಂತಿಲ್ಲ ಎಂದರು. ಇಷ್ಟು ವರ್ಷ ನಿಂತುಹೋದ ಎತ್ತರದಲ್ಲಿ ಎಷ್ಟು ಮರಳುತ್ತದೋ ಹೇಳಲಾಗದು, ಪೂರ್ತಿ ಬರದಿರಬಹುದು ಎಂದರು. ಹೊನ್ನಪ್ಪ ಎಲ್ಲಕ್ಕೂ ತಲೆಯಾಡಿಸಿದ.

ಬಸ್ ಸ್ಟಾಂಡಿನ ಹತ್ತಿರದ ಹೋಟೆಲಿನಲ್ಲಿ ಕೂತರು. ಅರ್ಪಿತ ಎರಡು ದೋಸೆ ಮುಗಿಸಿ ಮೂರನೆಯದು ಹೇಳಿದಳು. ಹೊನ್ನಪ್ಪನ ಮುಂದಿನ ಇಡ್ಲಿ ಆರಿಹೋಗುತ್ತಿತ್ತು. ಎದೆಯೊಳಗೆ ನಾಲ್ಕು ತಿಂಗಳು ಓಡಾಡಿದ ಭಯ ನಿಲ್ಲು ಎಂದರೂ ನಿಲ್ಲದೆ ಇನ್ನೂ ಓಡಾಡುತ್ತಲೇ ಇತ್ತು. ಅವನ ಕಾಲು ಮೇಜಿನ ಕೆಳಗೆ ಅಲುಗುತ್ತಿತ್ತು.

"ಅಪ್ಪ."

"ಏನವ್ವ?"

"ಆವತ್ತೇ ತಲೆ ಕುಯ್ದಿದ್ರೆ ನಾನ್ ಸತ್ತೋಗ್ತಿದ್ನಾ?"

ಸುಳ್ಳು ಹೇಳಬಹುದಿತ್ತು. ಪಕ್ಕದ ಮೇಜಿನವರು ತಿರುಗಿ ನೋಡಿದರು.

"ಗೊತ್ತಿಲ್ಲ ಕಣವ್ವ" ಅಂದ ಹೊನ್ನಪ್ಪ. "ಬದುಕ್ತಿದ್ಯೇನೋ. ಕುಯ್ಬೇಕಾಗೇ ಇರ್ನಿಲ್ಲ, ಅಷ್ಟ್ ಮಾತ್ರ ಗೊತ್ತು."

ಅವಳು ಅಪ್ಪನ ತಟ್ಟೆಯಿಂದ ಒಂದು ಇಡ್ಲಿ ಎತ್ತಿಕೊಂಡಳು.

"ಅದೇನ್ ಕಾಲ್ ಕುಣುಸ್ತೀಯಪ್ಪ, ಮೇಜೆಲ್ಲ ಅಳ್ಳಾಡ್ತದೆ. ಸುಮ್ಕೆ ಕೂತ್ಕೊ."